ಚಾರ್ಮಾಡಿಗೆ ಮೊದಲು ಸೌತ್ ಎಂಡ್ ಸರ್ಕಲ್

ದೇವದಾಸ್ ಹಾಕಿದ ಪ್ರಯಾಣದ ಯೋಜನೆಯಲ್ಲಿ ಅವನ ತಾಯಿ ಈಶ್ವರಮ್ಮನಿಗೆ ಜಾಗವಿರಲಿಲ್ಲ. ಮರೆತು ಬಿಟ್ಟದ್ದಲ್ಲ, ಯೋಚಿಸಿಯೇ ಬಿಟ್ಟದ್ದು.

ಅವನು ಯಂತ್ರ ಕಾರ್ಖಾನೆಯೊಂದರ ಪ್ಲಾನಿಂಗ್ ಸೆಕ್ಷನ್ನಿನಲ್ಲಿದ್ದ. ಯಾವ ಬಿಡಿಭಾಗ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಯಾವಾಗ ಹೋಗಬೇಕು ಎಂದು ಗೆರೆ ಎಳೆಯುವುದು ಅವನ ಕೆಲಸ. 1982ರ ಜನವರಿಯಲ್ಲಿ, ತ್ಯಾಗರಾಜನಗರದ ಬಾಡಿಗೆ ಮನೆಯ ನಡುಮನೆಯಲ್ಲಿ, ದೊಡ್ಡ ಕಂದು ಕಾಗದವೊಂದನ್ನು ಹಾಸಿ ಅವನು ಅದೇ ಬಗೆಯ ಗೆರೆಗಳನ್ನು ಎಳೆದಿದ್ದ. ಕಾಗದ ಹಾರದಿರಲೆಂದು ಮಂಗಳೂರಿನ ಮೇಲೆ ಕಾಫಿ ಲೋಟ, ಹೊಸದುರ್ಗದ ಮೇಲೆ ಎಲೆಅಡಿಕೆ ತಟ್ಟೆ. ನಡುವೆ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಘಾಟಿ, ಮೂಡಿಗೆರೆ, ಚಿಕ್ಕಮಗಳೂರು, ಕಡೂರು.

ವಿಷಯ ಇಷ್ಟೇ. ಈಶ್ವರಮ್ಮನ ತಂಗಿ ತಿಮ್ಮಕ್ಕ ಮದುವೆಯಾದಾಗಿನಿಂದ ಮಂಗಳೂರಿನಲ್ಲಿದ್ದಳು. ಅವಳ ಗಂಡ ಹನುಮಯ್ಯ ಅಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಈಗ ನಿವೃತ್ತನಾಗಿದ್ದ. ಇಬ್ಬರಿಗೂ ಹುಟ್ಟೂರು ಹೊಸದುರ್ಗ. ಅಲ್ಲಿ ಒಂದು ಮನೆ ಕಟ್ಟಿ ಮುಗಿಸಿದ್ದರು. ಮಾಘಮಾಸದಲ್ಲಿ ಗೃಹಪ್ರವೇಶ. ಮಂಚ, ಪೆಟ್ಟಿಗೆ, ರುಬ್ಬುಗುಂಡು, ತಿಮ್ಮಕ್ಕ, ಹನುಮಯ್ಯ, ಇಷ್ಟನ್ನೂ ಕರಾವಳಿಯಿಂದ ಘಾಟಿ ಹತ್ತಿಸಿ ಹೊಸದುರ್ಗಕ್ಕೆ ಮುಟ್ಟಿಸುವ ಹೊಣೆ ದೇವದಾಸನದು. ಅರೆಕೆರೆಯ ಗೆಳೆಯ ಮಾರಯ್ಯ ತನ್ನ ಹೊಸ ಮೆಟಡಾರ್ ವ್ಯಾನು ತೆಗೆದುಕೊಂಡು ಮಂಗಳೂರಿಗೆ ಬರುತ್ತೇನೆಂದು ಒಪ್ಪಿದ್ದ. ದೇವದಾಸ್ ಮತ್ತು ಹೆಂಡತಿ ನಾಗಲಕ್ಷ್ಮಮ್ಮ ರೈಲಿನಲ್ಲಿ ಮಂಗಳೂರಿಗೆ ಹೋಗಿ ವ್ಯಾನು ಸೇರುವುದು. ಬೆಳಗಿನ ಜಾವ ಹೊರಟರೆ ಸಂಜೆಗೆ ಹೊಸದುರ್ಗ. ಊಟಕ್ಕೊಂದು, ಕಾಫಿಗೊಂದು, ಎರಡೇ ನಿಲುಗಡೆ.

"ನೀನು ಇಲ್ಲಿಂದ ನೇರ ರೈಲಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬಂದ್ಬಿಡಮ್ಮ," ಎಂದ ದೇವದಾಸ್. "ನಾವು ಬರೋ ಹೊತ್ತಿಗೆ ಹೊಸ ಮನೆ ಬಾಗಿಲಲ್ಲಿ ಆರತಿ ತಟ್ಟೆ ಹಿಡ್ಕೊಂಡು ನಿಂತಿರು."

"ಆರತೀನ ಯಾರು ಬೇಕಾದ್ರೂ ಎತ್ತಬಹುದು. ನಾನು ತಿಮ್ಮಕ್ಕನ ಜೊತೆ ಬರಬೇಕು."

"ಅಮ್ಮ, ಘಾಟಿ."

"ಗೊತ್ತು."

"ತುಮಕೂರಿಗೆ ಹೋಗೋವಾಗ್ಲೇ..."

"ಗೊತ್ತು ಅಂದ್ನಲ್ಲೋ."

ಈಶ್ವರಮ್ಮನಿಗೆ ರೈಲಿನಲ್ಲಿ ಏನೂ ಆಗುತ್ತಿರಲಿಲ್ಲ. ಮೋಟಾರು ಹತ್ತಿದರೆ ವಾಂತಿ. ದೇವದಾಸನ ಮದುವೆಯ ದಿಬ್ಬಣ ತುಮಕೂರಿಗೆ ಹೋದದ್ದು ನೆಟ್ಟನೆಯ, ಏರಿಳಿತವಿಲ್ಲದ ರಸ್ತೆಯಲ್ಲಿ. ಆದರೂ ನೆಲಮಂಗಲದಲ್ಲಿ ಒಂದು ಸಲ, ಡಾಬಸ್‌ಪೇಟೆಯಲ್ಲಿ ಒಂದು ಸಲ, ಕ್ಯಾತಸಂದ್ರದಲ್ಲಿ ಬ್ಯಾಂಡ್‌ಸೆಟ್ಟಿನವರ ಡೋಲಿನ ಮೇಲೆ ಒಂದು ಸಲ ಆಗಿತ್ತು. ತುಮಕೂರಿನ ಬೀಗರು ಆ ಡೋಲನ್ನು ಇವತ್ತಿಗೂ ನೆನೆಯುತ್ತಾರೆ.

"ಮಾತ್ರೆ ಸಿಗುತ್ತಲ್ಲ ಅತ್ತೆ," ಎಂದಳು ನಾಗಲಕ್ಷ್ಮಮ್ಮ. ಅವಳಿಗೆ ಅತ್ತೆ ಬರಲಿ ಎಂದೇ ಇತ್ತು. "ಒಂದು ನುಂಗಿದ್ರೆ ಹಾಯಾಗಿ ನಿದ್ದೆ ಬರುತ್ತೆ. ಕಣ್ಣು ಬಿಟ್ರೆ ಹೊಸದುರ್ಗ."

"ನಿದ್ದೆ ಮಾಡ್ಕೊಂಡು ಬರೋದಾದ್ರೆ ನಾನ್ಯಾಕೆ ಬರಬೇಕು? ನನ್ನ ಬದಲು ಇನ್ನೊಂದು ಪೆಟ್ಟಿಗೆ ಹಾಕ್ಕೊಂಡು ಬನ್ನಿ."

ಅವಳ ಹಟಕ್ಕೆ ಕಾರಣವಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಹೊಸ ಮದುವಣಗಿತ್ತಿ ಮೊದಲ ಸಲ ಗಂಡನ ಮನೆಗೆ ಹೋಗುವಾಗ ತವರಿನ ಒಬ್ಬ ಹೆಂಗಸು ಜೊತೆಗೆ ಹೋಗಿ, ಎರಡು ಮೂರು ದಿನ ಇದ್ದು, ಹುಡುಗಿ ಹೊಸ ಒಲೆಗೂ ಹೊಸ ಮುಖಗಳಿಗೂ ಹೊಂದಿಕೊಂಡ ಮೇಲೆ ಹಿಂತಿರುಗುವುದು ಅವರ ಕಡೆಯ ಪದ್ಧತಿ. 1946ರಲ್ಲಿ ತಿಮ್ಮಕ್ಕನ ಜೊತೆಗೆ ಹೊರಟವಳು ಈಶ್ವರಮ್ಮ. ಆಗ ತಂಗಿಗೆ ಹದಿನಾರು, ಅಕ್ಕನಿಗೆ ಇಪ್ಪತ್ತೆರಡು. ಚಿಕ್ಕಮಗಳೂರು ದಾಟಿದ ಮೇಲೆ ಅಕ್ಕನ ಹೊಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಮೂಡಿಗೆರೆಯಲ್ಲಿ ಕಣ್ಣು ಮೇಲಕ್ಕೆ ಹೋದದ್ದನ್ನು ನೋಡಿ ಹೆದರಿ, ಜೊತೆಗೆ ಬಂದಿದ್ದ ಚಿಕ್ಕಪ್ಪ ಅವಳನ್ನು ಕೆಳಗಿಳಿಸಿ ಊರಿಗೆ ವಾಪಸು ಕರೆದುಕೊಂಡು ಹೋದ. ಬಸ್ಸು ತಿಮ್ಮಕ್ಕನನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಘಾಟಿಯ ಕಡೆ ಹೊರಟಿತು. ಆ ಗಂಡನೆಂಬುವನ ಮುಖವನ್ನು ಅವಳು ಮದುವೆಯ ದಿನ ಬಿಟ್ಟರೆ ಸರಿಯಾಗಿ ನೋಡಿರಲಿಲ್ಲ.

ಆಮೇಲೆ ಅಕ್ಕತಂಗಿಯರು ಮದುವೆ, ನಾಮಕರಣಗಳಲ್ಲಿ ಎಷ್ಟೋ ಸಲ ಸೇರಿದ್ದರು. ಆ ಬಸ್ಸಿನ ಮಾತು ಬಂದರೆ ಮಾತ್ರ ಈಶ್ವರಮ್ಮ ಅಳುತ್ತಿದ್ದಳು, ತಿಮ್ಮಕ್ಕ ಮಾತು ಬದಲಿಸುತ್ತಿದ್ದಳು. ಕೆಳಗೆ ಕಳಿಸುವಾಗ ಜೊತೆಗೆ ಹೋಗಲಾಗಲಿಲ್ಲ, ಮೇಲೆ ಕರೆತರುವಾಗಲಾದರೂ ಅದೇ ದಾರಿಯಲ್ಲಿ ಪಕ್ಕದಲ್ಲಿ ಕೂತು ಬರಬೇಕು ಎಂಬುದು ಅವಳ ಆಸೆ.

ದೇವದಾಸನಿಗೂ ಇದು ಅರ್ಥವಾಗುತ್ತಿತ್ತು. ಆದರೆ ಮಾರಯ್ಯನ ಮೆಟಡಾರಿನ ಸೀಟುಗಳಿಗೆ ತಿಂಗಳ ಹಿಂದಷ್ಟೇ ಕೆಂಪು ರೆಕ್ಸಿನ್ ಹೊದಿಸಲಾಗಿತ್ತು. "ಗುರು, ನಿಮ್ಮ ತಾಯಿ ನನ್ನ ತಾಯಿ ಇದ್ದ ಹಾಗೆ. ಆದ್ರೆ ನಮ್ಮ ತಾಯೀನೂ ನಾನು ಈ ಗಾಡೀಲಿ ಕೂರಿಸಿಲ್ಲ," ಎಂದು ಮಾರಯ್ಯ ಮೊದಲೇ ಹೇಳಿದ್ದ.

ಮರುದಿನದಿಂದ ಈಶ್ವರಮ್ಮ ಮಧ್ಯಾಹ್ನ ಊಟವಾದ ಕೂಡಲೇ ಮನೆ ಬಿಡತೊಡಗಿದಳು. ಕೇಳಿದರೆ ದೇವಸ್ಥಾನ ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತು ಬಾಗಿಲು ತೆರೆದಿರುವ ದೇವಸ್ಥಾನ ತ್ಯಾಗರಾಜನಗರದ ಸುತ್ತ ಯಾವುದೂ ಇಲ್ಲ ಎಂಬುದು ಸೊಸೆಗೆ ಗೊತ್ತಿತ್ತು.

ಈಶ್ವರಮ್ಮ ಹೋಗುತ್ತಿದ್ದುದು ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣಕ್ಕೆ. ಅಲ್ಲಿಂದ ಶಿವಾಜಿನಗರಕ್ಕೆ ಹೋಗುವ ಡಬಲ್ ಡೆಕ್ಕರ್ ಹತ್ತಿ, ಮೆಟ್ಟಿಲೇರಿ, ಮೇಲಂತಸ್ತಿನಲ್ಲಿ ಕೂರುತ್ತಿದ್ದಳು. ಮೇಲಂತಸ್ತು ಹೆಚ್ಚು ತೂಗುತ್ತದೆ ಎಂದು ಯಾರೋ ಹೇಳಿದ್ದರು. ಅವಳಿಗೆ ಬೇಕಾದದ್ದೂ ಅದೇ. ಅಭ್ಯಾಸ ಮಾಡಿಕೊಂಡರೆ ಹೊಟ್ಟೆ ಪಳಗುತ್ತದೆ ಎಂಬುದು ಅವಳ ಲೆಕ್ಕ.

ಹೊಟ್ಟೆ ಪಳಗಲಿಲ್ಲ. ಮೊದಲ ದಿನ ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿಯೇ ಸೆರಗು ಬಾಯಿಗೆ ಒತ್ತಿಕೊಂಡು ಇಳಿದಳು. ಎರಡನೆಯ ದಿನವೂ ಹಾಗೆಯೇ. ಆದರೆ ದಿನ ಕಳೆದಂತೆ ಅವಳಿಗೆ ಇನ್ನೊಂದು ತಿಳಿಯಿತು. ವಾಂತಿ ಇದ್ದಕ್ಕಿದ್ದಂತೆ ಬರುವುದಿಲ್ಲ. ಮೊದಲು ಕಿವಿಯ ಹಿಂದೆ ಬೆವರು. ಸ್ವಲ್ಪ ಹೊತ್ತಿಗೆ ಒಂದು ಆಕಳಿಕೆ. ಆಮೇಲೆ ನಾಲಿಗೆಯ ಕೆಳಗೆ ನೀರು. ನೀರು ಬಂದ ಮೇಲೆ ಉಳಿಯುವ ಹೊತ್ತು ಬಹಳ ಕಡಿಮೆ. ಮಿನರ್ವ ಸರ್ಕಲ್ಲಿನಲ್ಲಿ ಬೆವರಿದರೆ ಪುರಭವನದ ಹತ್ತಿರ ಆಕಳಿಕೆ. ಆಗಲೇ ಎದ್ದು ಮೆಟ್ಟಿಲು ಇಳಿಯಲು ಶುರು ಮಾಡಿದರೆ ಮುಂದಿನ ನಿಲ್ದಾಣಕ್ಕೆ ಸರಿಯಾಗುತ್ತದೆ. ಇಳಿದು, ಮರದ ಬುಡದಲ್ಲಿ ಕೆಲಸ ಮುಗಿಸಿ, ಕೈಚೀಲದಲ್ಲಿದ್ದ ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಮೈ ಹಗುರ. ಮುಂದಿನ ಬಸ್ಸು ಹತ್ತಬಹುದು. ಮೊದಲ ಸಲ ಇದು ಪೂರ್ತಿ ಕೈಗೂಡಿದ ದಿನ ಅವಳು ಅಲ್ಲೇ ಕಡಲೆಕಾಯಿ ಕೊಂಡು ತಿಂದಳು.

ಎರಡು ವಾರ ಕಳೆದ ಒಂದು ಭಾನುವಾರ ಮಾರಯ್ಯ ವ್ಯಾನಿನ ಸಮೇತ ಬಂದಿದ್ದ. ಕಂದು ಕಾಗದ ಮತ್ತೆ ನೆಲದ ಮೇಲಿತ್ತು. ಮಂಚವನ್ನು ಮೇಲಿನ ಕ್ಯಾರಿಯರಿಗೆ ಕಟ್ಟುವುದೋ, ಬಿಚ್ಚಿ ಒಳಗೆ ಹಾಕುವುದೋ ಎಂಬ ಚರ್ಚೆ ನಡೆದಿತ್ತು. ಆಗ ಖಾಕಿ ಬಟ್ಟೆಯ ಬಸ್ ಕಂಡಕ್ಟರ್ ಒಬ್ಬ ಈಶ್ವರಮ್ಮನನ್ನು ಮುಂದಿಟ್ಟುಕೊಂಡು ಗೇಟು ತೆಗೆದು ಒಳಗೆ ಬಂದ.

"ಸಾರ್, ಇವರು ನಿಮ್ಮ ಮನೆಯೋರಾ?"

ದೇವದಾಸ್ ಗಾಬರಿಯಿಂದ ಎದ್ದ. "ನಮ್ಮ ತಾಯಿ. ಏನಾಯ್ತು?"

"ನನ್ನ ಹೆಸರು ಸಿದ್ದಲಿಂಗಯ್ಯ ಅಂತ. ಶಿವಾಜಿನಗರದ ಡಬಲ್ ಡೆಕ್ಕರಲ್ಲಿದೀನಿ. ಎರಡು ವಾರದಿಂದ ನೋಡ್ತಿದೀನಿ ಸಾರ್, ಈ ಅಮ್ಮ ದಿನಾ ಬಸ್ ಹತ್ತುತಾರೆ, ದಾರೀಲಿ ಇಳಿದು ವಾಂತಿ ಮಾಡ್ತಾರೆ, ಇನ್ನೊಂದು ಬಸ್ ಹತ್ತಿ ವಾಪಸ್ ಬರ್ತಾರೆ. ಯಾರ ಮನೆಗೂ ಹೋಗಲ್ಲ, ಏನೂ ತಗೊಳಲ್ಲ. ಮನೇಲಿ ಜಗಳ ಏನೋ ಪಾಪ, ಅಂದ್ಕೊಂಡೆ. ಕೇಳಿದ್ರೆ 'ಪ್ರಾಕ್ಟೀಸ್ ಕಣಪ್ಪ' ಅಂತಾರೆ. ವಾಂತಿ ಪ್ರಾಕ್ಟೀಸ್ ಮಾಡೋರನ್ನ ನಾನು ನನ್ನ ಸರ್ವೀಸಲ್ಲೇ ನೋಡಿಲ್ಲ. ಅದಕ್ಕೇ ಡ್ಯೂಟಿ ಮುಗಿಸ್ಕೊಂಡು ಮನೆ ತನಕ ಬಂದೆ."

ನಾಗಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅವಳಿಗೆ ಬಂದದ್ದು ನಗು.

"ಅಮ್ಮ, ಏನಿದು?" ಎಂದ ದೇವದಾಸ್. "ಪ್ರಾಕ್ಟೀಸ್ ಮಾಡಿ ವಾಂತಿ ನಿಂತೋಯ್ತಾ?"

"ಇಲ್ಲ. ನಿಲ್ಲಲ್ಲ ಅದು."

"ಮತ್ತೆ?"

"ಯಾವಾಗ ಬರುತ್ತೆ ಅಂತ ಈಗ ಮುಂಚೆನೇ ಗೊತ್ತಾಗುತ್ತೆ. ನಿಮಗೆಲ್ಲ ಭಯ ಏನು? ಗಾಡಿಯೊಳಗೆ ಆಗುತ್ತೆ ಅಂತ ತಾನೆ? ಒಳಗೆ ಆಗಲ್ಲ. ನಿಲ್ಸು ಅಂತೀನಿ, ನಿಲ್ಸಿ. ಇಳೀತೀನಿ, ಮುಗಿಸ್ತೀನಿ, ಹತ್ತುತೀನಿ. ಅಷ್ಟೇ."

ದೇವದಾಸ್ ಮಾರಯ್ಯನ ಮುಖ ನೋಡಿದ. ಮಾರಯ್ಯ ಕಿಟಕಿಯಾಚೆ ನಿಂತಿದ್ದ ತನ್ನ ವ್ಯಾನು ನೋಡಿದ.

"ಮಾತು ನಿಜ ಸಾರ್," ಎಂದ ಸಿದ್ದಲಿಂಗಯ್ಯ. "ನನ್ನ ಬಸ್ಸಲ್ಲಿ ಒಂದು ಹನಿ ಬಿದ್ದಿಲ್ಲ. ಮೊನ್ನೆ ಇವರು ಎದ್ದು ನಿಂತಿದ್ದು ನೋಡೇ ನಾನು ಬೆಲ್ ಹೊಡೆದೆ. ಕರೆಕ್ಟಾಗಿತ್ತು."

"ಬೆಂಗಳೂರು ರೋಡು ಬೇರೆ, ಘಾಟಿ ಬೇರೆ," ಎಂದ ಮಾರಯ್ಯ. "ಅಲ್ಲಿ ತಿರುವು ಮುಗಿಯೋಕೆ ಮುಂಚೆ ಇನ್ನೊಂದು ತಿರುವು. ಅಷ್ಟು ಬೇಗ ಇವರಿಗೆ ಗೊತ್ತಾಗುತ್ತಾ?"

"ಹಂಗಾದ್ರೆ ತಿರುಗಿಸಿ ನೋಡಪ್ಪ," ಎಂದಳು ಈಶ್ವರಮ್ಮ. "ಗಾಡಿ ಬಾಗಿಲಲ್ಲೇ ಇದೆ."

ಬೆಂಗಳೂರಿನ ದಕ್ಷಿಣದಲ್ಲಿ ಘಾಟಿ ಎಲ್ಲಿದೆ ಎಂಬ ಪ್ರಶ್ನೆ ಎದ್ದಿತು. ವಸಂತಪುರದ ಗುಡ್ಡಕ್ಕೆ ಹೋಗೋಣ ಎಂದಳು ನಾಗಲಕ್ಷ್ಮಮ್ಮ. ಅಲ್ಲಿ ಏರು ಇದೆ, ತಿರುವು ಸಾಲದು ಎಂದ ಮಾರಯ್ಯ. ಕೊನೆಗೆ ದಾರಿ ತೋರಿಸಿದವನು ಸಿದ್ದಲಿಂಗಯ್ಯ: "ಸೌತ್ ಎಂಡ್ ಸರ್ಕಲ್ ಇದೆಯಲ್ಲ ಸಾರ್. ನಿಲ್ಲಿಸದೆ ಸುತ್ತುತಾ ಇದ್ರೆ ಅದೇ ಒಂದು ಮುಗಿಯದ ತಿರುವು."

ಭಾನುವಾರ ಸಂಜೆ ರಸ್ತೆ ಖಾಲಿಯಿತ್ತು. ಮಾರಯ್ಯ ಸ್ಟೀರಿಂಗ್ ಹಿಡಿದ. ಹಿಂದಿನ ಕೆಂಪು ಸೀಟಿನ ಮೇಲೆ ಈಶ್ವರಮ್ಮ, ಅವಳ ಪಕ್ಕ ಸೊಸೆ, ಎದುರಿಗೆ ದೇವದಾಸ್ ಮತ್ತು ಸಾಕ್ಷಿಯಾಗಿ ಸಿದ್ದಲಿಂಗಯ್ಯ. ಮೊದಲ ಸುತ್ತು ನಿಧಾನ. ಎರಡನೆಯದಕ್ಕೆ ಮಾರಯ್ಯನಿಗೆ ಹುರುಪು ಬಂದಿತು. ಮೂರನೆಯದರಲ್ಲಿ ನಾಗಲಕ್ಷ್ಮಮ್ಮ ಅತ್ತೆಯ ಮೇಲೆ ವಾಲಿದಳು. ಮುಂದಿನದರಲ್ಲಿ ಇಬ್ಬರೂ ಕಿಟಕಿಯ ಮೇಲೆ.

"ಬೆವರು," ಎಂದಳು ಈಶ್ವರಮ್ಮ, ಹವಾಮಾನ ವರದಿ ಓದುವವಳಂತೆ.

"ನಿಲ್ಸ್ಲಾ ದೊಡ್ಡಮ್ಮ?" ಎಂದ ಮಾರಯ್ಯ, ಬ್ರೇಕಿನ ಮೇಲೆ ಕಾಲಿಟ್ಟು.

"ಇನ್ನೂ ಹೊತ್ತಿದೆ, ನಡಿ."

ಇನ್ನೊಂದು ಸುತ್ತು. ಈಶ್ವರಮ್ಮ ಆಕಳಿಸಿದಳು. "ಈಗ ನಿಲ್ಸೋಕೆ ಜಾಗ ನೋಡ್ಕೋ."

ಮಾರಯ್ಯ ಜಾಗ ನೋಡುವ ಮೊದಲು ಟ್ರಾಫಿಕ್ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಅವನು ಆಗಿನಿಂದಲೂ ನೋಡುತ್ತಿದ್ದ.

"ಏನ್ರೀ, ದಾರಿ ತಪ್ತಾ? ಇಲ್ಲ, ಸರ್ಕಲ್ಲಿಗೆ ಪ್ರದಕ್ಷಿಣೆ ಹರಕೆ ಏನಾದ್ರೂ ಹೊತ್ತಿದ್ದೀರಾ?"

"ಸಾರ್, ಇದು ಟೆಸ್ಟು..." ಎಂದು ಮಾರಯ್ಯ ಶುರು ಮಾಡಿದ.

ಅಷ್ಟರಲ್ಲಿ ಬಾಗಿಲು ಸರಿಸಿಕೊಂಡು ಇಳಿದ ಈಶ್ವರಮ್ಮ, "ಸ್ವಲ್ಪ ದಾರಿ ಬಿಡಪ್ಪ," ಎಂದು ಪೊಲೀಸಿನವನನ್ನು ಪಕ್ಕಕ್ಕೆ ಸರಿಸಿ ಮೋರಿಯ ಕಡೆ ನಡೆದಳು. ಓಡಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ, ಮುಗಿಸಿ, ಬಾಯಿ ಮುಕ್ಕಳಿಸಿ, ಮುಖ ತೊಳೆದು, ಹಣೆಯ ಕುಂಕುಮ ಕದಡಿದೆಯೇ ಎಂದು ಸೊಸೆಯನ್ನು ಕೇಳಿ, ವಾಪಸು ಬಂದು ತನ್ನ ಜಾಗದಲ್ಲಿ ಕೂತಳು.

"ಈಗ ಮುಂದಿನ ಹತ್ತು ತಿರುವಿಗೆ ಏನೂ ಇಲ್ಲ," ಎಂದಳು. "ಮಂಡಕ್ಕಿ ಏನಾದ್ರೂ ಸಿಗುತ್ತಾ ನೋಡ್ರೋ, ಹಸಿವಾಗ್ತಿದೆ."

ಮಾರಯ್ಯ ಇಳಿದು ಬಂದು ರೆಕ್ಸಿನ್ನಿನ ಮೇಲೆ ಅಂಗೈ ಆಡಿಸಿದ. ಒಣಗಿತ್ತು. ಪೊಲೀಸಿನವನಿಗೆ ಸಿದ್ದಲಿಂಗಯ್ಯ ಮೊದಲಿನಿಂದ ಎಲ್ಲ ವಿವರಿಸಿದ. ಖಾಕಿಯವನ ಮಾತನ್ನು ಖಾಕಿಯವನು ನಂಬಿದ. "ಅಮ್ಮೋರು ಪಾಸು," ಎಂದ ಅವನು. "ಆದ್ರೆ ಎದುರಿಗೆ ಕೂತಿರೋ ಸಾಹೇಬರನ್ನ ಸ್ವಲ್ಪ ನೋಡ್ಕೊಳ್ರೀ."

ದೇವದಾಸನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಅವನು ಏನನ್ನೂ ಹೇಳಲು ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.

ಮನೆಗೆ ಬಂದು ನಿಂಬೆ ಷರಬತ್ತು ಕುಡಿದ ಮೇಲೆ ಅವನು ಕಂದು ಕಾಗದವನ್ನು ಮಗುಚಿ ಹಾಕಿದ. ಹಿಂಬದಿ ಖಾಲಿಯಿತ್ತು. ಮಂಗಳೂರು ಮತ್ತು ಹೊಸದುರ್ಗ ಮತ್ತೆ ಎರಡು ತುದಿಗೆ ಹೋದವು.

"ಹತ್ತು ತಿರುವಿಗೆ ಒಂದು ಸ್ಟಾಪು ಅಂದ್ರೆ ಘಾಟೀಲಿ ತುಂಬಾ ಹೊತ್ತು ಹಿಡಿಯುತ್ತೆ," ಎಂದ. ಕಾರ್ಖಾನೆಯಲ್ಲಿ ಯಂತ್ರ ನಿಂತರೆ ಅದು ನಷ್ಟ. ನಿಲ್ಲಿಸುವುದನ್ನೇ ಯೋಜನೆಯಾಗಿ ಹಾಕುವುದು ಅವನಿಗೆ ಹೊಸದು. "ಒಂದೇ ದಿನದಲ್ಲಿ ಹೊಸದುರ್ಗ ಆಗಲ್ಲ."

"ಆಗದೇ ಇದ್ರೆ ಎರಡು ದಿನ ಮಾಡಿ," ಎಂದಳು ನಾಗಲಕ್ಷ್ಮಮ್ಮ. "ಚಿಕ್ಕಮಗಳೂರಲ್ಲಿ ಉಳ್ಕೊಳ್ಳೋದು. ನಾನೂ ಆ ಊರು ನೋಡಿಲ್ಲ."

"ಗೃಹಪ್ರವೇಶಕ್ಕೆ?"

"ಒಂದು ದಿನ ಮುಂಚೆ ಹೊರಟ್ರಾಯ್ತು. ರಜ ಬರೆದುಕೊಡಿ, ನಿಮ್ಮ ಕಾರ್ಖಾನೆ ಏನು ಮುಳುಗಲ್ಲ."

ಅಲ್ಲಿಂದ ಮುಂದೆ ಯೋಜನೆ ದೇವದಾಸನ ಕೈಯಲ್ಲಿ ಉಳಿಯಲಿಲ್ಲ. ಹೇಗೂ ನಿಲ್ಲಿಸುವುದಾದರೆ ಒಳ್ಳೆಯ ಜಾಗದಲ್ಲೇ ನಿಲ್ಲಿಸೋಣ ಎಂದ ಮಾರಯ್ಯ. ಆ ದಾರಿಯಲ್ಲಿ ಲಾರಿ ಓಡಿಸಿ ಬಲ್ಲವನು ಅವನು. ಉಜಿರೆಯಲ್ಲಿ ಕಾಫಿ ಎಂದು ಬರೆಸಿದ. ಘಾಟಿಯ ಮಧ್ಯೆ ಬಂಡೆಯ ಮೇಲಿಂದ ನೀರು ಇಳಿಯುವ ಕಡೆ ಒಂದು. ಅಲ್ಲಿ ಮುಖ ತೊಳೆಯಬಹುದು. ಘಾಟಿ ಹತ್ತಿದ ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಸಿದ್ದಲಿಂಗಯ್ಯ ಹೊರಡುತ್ತೇನೆ ಎನ್ನುತ್ತಲೇ ಎರಡನೇ ಲೋಟ ಷರಬತ್ತು ಮುಗಿಸಿ, ಕಡೂರಿನಲ್ಲಿ ಎಳನೀರು ಸೇರಿಸಿದ. "ನಮ್ಮತ್ತೆ ಊರು ಸಾರ್. ಅಲ್ಲಿ ನಿಲ್ಲಿಸದೆ ಹೋದ್ರೆ ನನಗೆ ಬೇಜಾರಾಗುತ್ತೆ."

ಮೂಡಿಗೆರೆಗೆ ಬಂದಾಗ ದೇವದಾಸ್ ಪೆನ್ಸಿಲ್ ಎತ್ತಿ ತಾಯಿಯ ಕಡೆ ನೋಡಿದ.

"ಅಲ್ಲಿ ಬೇಡ," ಎಂದಳು ಈಶ್ವರಮ್ಮ. "ಅಲ್ಲಿ ಮಾತ್ರ ನಾನು ಇಳಿಯಲ್ಲ."

ಇನ್ನು ತಿಮ್ಮಕ್ಕನಿಗೆ ತಿಳಿಸಬೇಕಿತ್ತು. ಫೋನಿದ್ದುದು ಮಹಡಿಯ ಮೇಲೆ, ಮನೆ ಮಾಲೀಕರಾದ ಸತ್ಯಭಾಮಾ ಅವರ ಬಳಿ. ಅವರು ಮಂಗಳೂರಿಗೆ ಮೂರು ನಿಮಿಷದ ಟ್ರಂಕ್ ಕಾಲ್ ಬುಕ್ ಮಾಡಿಕೊಟ್ಟು, ತಮಗೂ ಕೇಳಿಸಲಿ ಎಂದು ರೇಡಿಯೊ ನಿಲ್ಲಿಸಿ ಪಕ್ಕದಲ್ಲೇ ಕೂತರು. ಮಂಗಳೂರಿನಲ್ಲಿ ತಿಮ್ಮಕ್ಕನ ಬೀದಿಯ ಔಷಧಿ ಅಂಗಡಿಯವರು ಅವಳನ್ನು ಕರೆಸಬೇಕು. ಸಾಕಷ್ಟು ಹೊತ್ತು ಕಾದ ಮೇಲೆ ಫೋನಿನ ಗಂಟೆ ಬಾರಿಸಿತು. ದೇವದಾಸ್, ನಾಗಲಕ್ಷ್ಮಮ್ಮ, ಮಾರಯ್ಯ ಮೂವರೂ ಮೆಟ್ಟಿಲ ಮೇಲೆ ನಿಂತಿದ್ದರು.

"ತಿಮ್ಮಿ, ನಾನು ಬರ್ತಿದೀನಿ ಕಣೆ!" ಈಶ್ವರಮ್ಮ ಕೂಗಿದ ಜೋರಿಗೆ ಫೋನು ಬೇಕಿರಲಿಲ್ಲ ಎನಿಸಿತು. "ಘಾಟಿ ಮೇಲೆ, ನಿನ್ನ ಜೊತೆ, ವ್ಯಾನಲ್ಲಿ. ಎರಡು ದಿನ!"

ಆ ಕಡೆಯಿಂದ ಬಂದ ಕೂಗು ಮೆಟ್ಟಿಲ ತನಕ ಕೇಳಿಸಿತು. "ಅಯ್ಯೋ ಅಕ್ಕ! ನಿನಗೆ ಮೋಟಾರು ಆಗಲ್ವಲ್ಲ?"

"ಆಗಲ್ಲ. ಮಾಡ್ಕೊಂಡೇ ಬರ್ತೀನಿ. ಟೆಸ್ಟಲ್ಲಿ ಪಾಸಾಗಿದೀನಿ, ಬಂದ್ಮೇಲೆ ಹೇಳ್ತೀನಿ. ಆವತ್ತು ನಿನ್ನೊಬ್ಬಳನ್ನೇ ಬಸ್ಸಲ್ಲಿ ಬಿಟ್ಟು ಇಳಿದುಬಿಟ್ಟೆನಲ್ಲ ತಿಮ್ಮಿ, ಆ ಘಾಟೀಲಿ ನೀನು ಹೆಂಗೆ..." ಅವಳು ಅಳತೊಡಗಿದಳು.

"ಅಳಬೇಡ, ಮೂರೇ ನಿಮಿಷ ಇರೋದು. ಒಂದು ಮಾತು ಹೇಳ್ತೀನಿ, ಕೇಳು. ನೀನು ಇಳಿದ ಮೇಲೆ ನನಗೂ ಶುರುವಾಯ್ತು."

"ಏನು?"

"ವಾಂತಿ! ಕೊಟ್ಟಿಗೆಹಾರ ದಾಟಿದ್ದೇ ತಡ, ಘಾಟಿ ಪೂರ್ತಿ. ಮೊದಲನೇದು ಇವರ ಮದುವೆ ಕೋಟಿನ ಮೇಲೆ."

ಈಶ್ವರಮ್ಮ ರಿಸೀವರನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗೆ ಇಟ್ಟಳು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳೋಕೆ ಎಲ್ಲಿ ಬಿಟ್ಟೆ? ಆ ಮಾತೆತ್ತಿದ್ರೆ ನೀನು ಅಳೋಕೆ ಶುರು ಮಾಡ್ತಿದ್ದೆ. ಕೇಳು, ನಾನು ಹೆದರಿ ಸಾಯ್ತಿದ್ದೆ, ಹೊಡೀತಾರೇನೋ ಅಂತ. ಇವರು ಕೋಟು ಬಿಚ್ಚಿ ಕಿಟಕಿ ಆಚೆ ಕೊಡವಿ, ನನ್ನ ಹಣೆ ಹಿಡ್ಕೊಂಡ್ರು. ಘಾಟಿ ಇಳಿಯೋ ತನಕ ಹಿಡ್ಕೊಂಡೇ ಇದ್ರು. ನೀನು ಪಕ್ಕದಲ್ಲಿ ಇದ್ದಿದ್ರೆ ನಿನ್ನ ಮಡಿಲಲ್ಲೇ ಮುಖ ಮುಚ್ಕೊಂಡಿರ್ತಿದ್ದೆ. ಇವರ ಮುಖ ನೋಡೋಕೆ ಇನ್ನೊಂದು ತಿಂಗಳು ಬೇಕಾಗ್ತಿತ್ತು."

ಫೋನಿನಲ್ಲಿ ಹಿಂದೆ ಯಾರೋ ಗಂಡಸು ನಕ್ಕದ್ದು ಕೇಳಿಸಿತು. ಹನುಮಯ್ಯನೇ ಇರಬೇಕು.

ಈಶ್ವರಮ್ಮನಿಗೆ ಅಳು ಬಂದಿತೋ ನಗು ಬಂದಿತೋ ಪಕ್ಕದಲ್ಲಿದ್ದ ಸತ್ಯಭಾಮಾ ಅವರಿಗೂ ತಿಳಿಯಲಿಲ್ಲ. ಕೊನೆಗೆ ಅದು ನಗುವೇ ಎಂದು ಖಚಿತವಾಯಿತು. ಅವಳು ಗೋಡೆ ಹಿಡಿದುಕೊಂಡು ನಗುತ್ತಿದ್ದಳು.

"ಹಂಗಾದ್ರೆ ಈಗಲೂ ನಿನಗೆ ಆಗುತ್ತೇನೆ?"

"ಆಗದೆ? ಉಡುಪಿಗೆ ಹೋಗೋ ಬಸ್ಸಲ್ಲೂ ಆಗುತ್ತೆ."

ಮೆಟ್ಟಿಲ ಮೇಲೆ ಮಾರಯ್ಯ ಮೆಲ್ಲಗೆ ಕೂತುಕೊಂಡ. "ಇಬ್ರಾ?" ಎಂದ.

"ಒಳ್ಳೇದೇ ಆಯ್ತು ಬಿಡು, ನಿಲ್ಲಿಸಿದಾಗ ಇಬ್ರೂ ಒಟ್ಟಿಗೆ ಇಳಿಯೋಣ," ಎಂದಳು ಈಶ್ವರಮ್ಮ. "ಬೆವರು ಬಂದ ತಕ್ಷಣ ಹೇಳಬೇಕು, ಅದನ್ನ ನಿನಗೆ ಕಲಿಸ್ತೀನಿ. ಆದ್ರೆ ಬಾಗಿಲ ಪಕ್ಕದ ಕಿಟಕಿ ನನಗೆ."

"ಅದ್ಯಾಕೆ? ಮನೆ ಬಿಟ್ಟು ಬರ್ತಿರೋಳು ನಾನು. ಕಿಟಕಿ ನನಗೆ."

"ನಾನು ದೊಡ್ಡೋಳು."

"ದೊಡ್ಡೋಳು ಬಿಟ್ಟುಕೊಡಬೇಕಪ್ಪ. ಸಣ್ಣವಳಿದ್ದಾಗಿಂದ್ಲೂ ನೀನು ಹಿಂಗೇ ಕಣೆ ಅಕ್ಕ!"

ನಡುವೆ ಟೆಲಿಫೋನ್ ಆಪರೇಟರಿನ ಧ್ವನಿ ಬಂದಿತು. ಮೂರು ನಿಮಿಷ ಮುಗಿಯಿತು, ಮುಂದುವರಿಸುತ್ತೀರಾ ಎಂದು ಆ ಹೆಣ್ಣುಮಗಳು ಕೇಳಿದಳು. ಈಶ್ವರಮ್ಮ ಸತ್ಯಭಾಮಾ ಅವರ ಮುಖ ನೋಡಿದಳು. ಅವರು ಎರಡು ಕೈಯಲ್ಲೂ ಮುಂದುವರಿಸಿ ಎಂದು ಸನ್ನೆ ಮಾಡಿದರು.

"ಇನ್ನೊಂದು ಮೂರು ನಿಮಿಷ ಕೊಡಮ್ಮ," ಎಂದಳು ಈಶ್ವರಮ್ಮ. "ಕಿಟಕಿ ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ."